ಟೆಸ್ಟ್ ಬೆಂಚಿನ ಬಸವಣ್ಣೆಪ್ಪ

ಐವತ್ತರ ದಶಕದ ನಡುಭಾಗ. ಮುಂಬಯಿ ಉಪನಗರದ ಸೇನಾ ವರ್ಕ್‌ಶಾಪೊಂದರಲ್ಲಿ ನಾನು ಅಸಿಸ್ಟೆಂಟ್ ಇಂಜಿನಿಯರ್ ಆಗಿದ್ದೆ. ಯುದ್ಧಕಾಲದ ಹಳೆಯ ಲಾರಿಗಳ ಇಂಜಿನ್ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಮತ್ತೆ ಜೋಡಿಸಿ ಕಳಿಸುವುದು ನಮ್ಮ ಕೆಲಸ.

ಜೋಡಿಸಿದ ಇಂಜಿನ್ ಸರಿಯಿದೆಯೇ ಎಂದು ಹೇಳುತ್ತಿದ್ದವರು ಧಾರವಾಡ ಕಡೆಯ ಹಿರಿಯ ಫಿಟರ್ ಬಸವಣ್ಣೆಪ್ಪ. ಇಂಜಿನ್ ಚಾಲೂ ಮಾಡಿಸಿ ಸದ್ದು ಆಲಿಸುತ್ತಿದ್ದರು. ಅವರು ಸೀಮೆಸುಣ್ಣದಲ್ಲಿ ‘ಓಕೆ’ ಎಂದು ಬರೆದರೆ ಆ ಇಂಜಿನ್ ಗಡಿಯವರೆಗೂ ಹೋಗುತ್ತಿತ್ತು.

ಆ ವರ್ಷ ಇಂಜಿನ್ ಪರೀಕ್ಷಿಸುವ ಹೊಸ ಟೆಸ್ಟ್ ಬೆಂಚ್ ಬಂತು. ಆಯಿಲ್ ಒತ್ತಡ, ಶಾಖ, ವೇಗ ಎಲ್ಲವನ್ನೂ ಗೇಜಿನ ಮುಳ್ಳು ತೋರಿಸುತ್ತಿತ್ತು. ಬಸವಣ್ಣೆಪ್ಪ ಅದರ ಹತ್ತಿರವೂ ಸುಳಿಯದೆ ಹಳೆಯ ರೀತಿಯಲ್ಲೇ ‘ಓಕೆ’ ಬರೆಯುತ್ತಿದ್ದರು. ಹಳೆಯ ಕೈ, ಅಭಿಮಾನ ಹೆಚ್ಚು ಎಂದು ನಾವೆಲ್ಲ ಅಂದುಕೊಂಡೆವು. ಅಷ್ಟರಲ್ಲೇ ಅವರು ಪಾಸ್ ಮಾಡಿದ ಇಂಜಿನ್‌ಗಳು ಕೆಟ್ಟು ವಾಪಸು ಬರತೊಡಗಿದ್ದವು. ಒಂದು ಲಾರಿಯಂತೂ ಜವಾನರನ್ನು ಹೊತ್ತು ಘಾಟಿ ಏರುವಾಗಲೇ ನಿಂತುಹೋಗಿತ್ತು.

ಒಂದು ಬೆಳಿಗ್ಗೆ ಟೆಸ್ಟ್ ಶೆಡ್ಡಿನ ಬಾಗಿಲಲ್ಲಿದ್ದ ನನಗೇ ಒಂದು ಇಂಜಿನ್ನಿನ ಬೇರಿಂಗ್ ಕಟಕಟ ಎನ್ನುವುದು ಕೇಳಿಸಿತು. ಅವರು ಮಾತ್ರ ನಿಶ್ಚಿಂತೆಯಿಂದ ‘ಓಕೆ’ ಬರೆದರು. ಇಂಜಿನ್ ನಿಂತ ಮೇಲೆ ಹಿಂದಿನಿಂದ ಹೆಸರು ಹಿಡಿದು ಕರೆದೆ. ಅವರು ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದರೂ ತಿರುಗಲಿಲ್ಲ.

ಪಕ್ಕಕ್ಕೆ ಕರೆದೊಯ್ದು, ಎದುರು ಕೂತು ಕೇಳಿದೆ. ಅವರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು.

“ಕಿವಿ ಹೋಗ್ಯಾವ್ರಿ ಸಾಹೇಬ್ರ. ಮಂದಿ ಮಾರಿ, ತುಟಿ ನೋಡಿ ಕೆಲಸ ನಡಸೇನಿ. ಹೊಸಾ ಮಷೀನ್ ಬಂದ್ರ ನನ್ನ ಬಣ್ಣ ಬಯಲಾಗತೈತಿ ಅಂತ ಅಂಜಿದೆ.”

ಜೋಗೇಶ್ವರಿಯ ಚಾಳಿನ ಒಂದೇ ಖೋಲಿಯಲ್ಲಿ ಅವರ ಸಂಸಾರ. ದೊಡ್ಡ ಮಗಳ ಮದುವೆ ಗೊತ್ತಾಗಿತ್ತು. ಅನ್‌ಫಿಟ್ ಎಂದಾದರೆ ಕೆಲಸ ಹೋಗುತ್ತಿತ್ತು. ಮುಚ್ಚಿಟ್ಟರೆ ಯಾವುದೋ ಘಾಟಿಯಲ್ಲಿ ಯಾರದೋ ಜೀವ ಹೋಗಬಹುದಿತ್ತು. ವರ್ಕ್‌ಶಾಪಿನ ಮುಖ್ಯಸ್ಥರಾದ ಮೇಜರ್ ಸಾಹೇಬರಿಗೆ ಹೇಳಲೇಬೇಕು ಎಂದೆ. ಅವರು ತಲೆಯಾಡಿಸಿ ನನ್ನ ಜೊತೆಗೇ ಬಂದರು.

ಮೇಜರ್ ತಮಿಳರು, ಮಾತು ಕಡಿಮೆ. ಬಸವಣ್ಣೆಪ್ಪ ಪಾಸ್ ಮಾಡಿ ಇನ್ನೂ ಹೊರಹೋಗದ ಇಂಜಿನ್‌ಗಳನ್ನೆಲ್ಲ ಮತ್ತೆ ಪರೀಕ್ಷಿಸಲು ಮೊದಲು ಆದೇಶಿಸಿದರು. ಆಮೇಲೆ ನಾನು ಮನಸ್ಸಿನಲ್ಲಿದ್ದುದನ್ನು ಹೇಳಿದೆ. ಬೇರಿಂಗ್ ಸಡಿಲವಿದ್ದರೆ ಇಂಜಿನ್ ಕಾದಂತೆ ಆಯಿಲ್ ಒತ್ತಡ ಇಳಿಯುತ್ತದೆ, ಅದನ್ನು ನೋಡಲು ಕಿವಿ ಬೇಡ, ಹೊಸ ಬೆಂಚಿಗೆ ಇವರನ್ನೇ ಹಾಕೋಣ ಎಂದೆ.

ಮೇಜರ್ ಇಂಗ್ಲಿಷಿನಲ್ಲಿ ಕೇಳಿದರು: “ಈ ಕಿವಿ ಹಾಳಾಗಿದ್ದು ಎಲ್ಲಿ?”

“ನಮ್ಮ ಶೆಡ್ಡಿನ ಸದ್ದಿನಲ್ಲೇ, ಸರ್.”

“ಹಾಗಾದರೆ ಇವರು ನಮ್ಮ ಜವಾಬ್ದಾರಿ.”

ಕೆಲವು ವಾರ ನಾನು ಪಕ್ಕದಲ್ಲಿ ನಿಂತು ಗೇಜುಗಳನ್ನು ಕಲಿಸಿದೆ. ಸದ್ದು ಆಲಿಸುವುದಕ್ಕೆ ಬೇರೊಬ್ಬ ಫಿಟರ್ ಬಂದ. ಮುಳ್ಳು ಕೊಂಚ ನಡುಗಿದರೂ ಬಸವಣ್ಣೆಪ್ಪ ಕೈಯೆತ್ತಿ ಇಂಜಿನ್ ನಿಲ್ಲಿಸುತ್ತಿದ್ದರು. ನಿವೃತ್ತಿಯವರೆಗೂ ಆ ಬೆಂಚು ಬಿಡಲಿಲ್ಲ.

ಮೇಜರ್ ಶೆಡ್ಡಿನ ಉಳಿದವರ ಕಿವಿಯನ್ನೂ ಡಾಕ್ಟರಿಂದ ಪರೀಕ್ಷೆ ಮಾಡಿಸಿದರು. ಇನ್ನೂ ಕೆಲವರಿಗೆ ಅದೇ ತೊಂದರೆ ಶುರುವಾಗಿತ್ತು. ಅಷ್ಟು ವರ್ಷ ನಾವು ಇಂಜಿನ್‌ಗಳನ್ನಷ್ಟೇ ತಪಾಸಣೆ ಮಾಡಿದ್ದೆವು. ಆಮೇಲಿನ ನನ್ನ ನೌಕರಿಯಲ್ಲಿ ಎಷ್ಟೋ ಹೊಸ ಯಂತ್ರಗಳು ಬಂದವು. ಅವು ಬೇಡ ಎನ್ನುವವರು ಸಿಕ್ಕಾಗ ಹಟಮಾರಿ ಎಂದು ಬೈಯುವ ಬದಲು, ಪಕ್ಕದಲ್ಲಿ ಕೂರಿಸಿಕೊಂಡು, ಏನು ಭಯ ಎಂದು ಕೇಳುತ್ತಿದ್ದೆ.