ಎರಡು ಸೀಟಿ ಆಗುವವರೆಗೆ

ಅವರ ಎಡಗೈಯ ತೋರುಬೆರಳಿಗೂ ನಡುಬೆರಳಿಗೂ ನಡುವೆ ಒಂದು ಸಂದಿತ್ತು. ಮುಷ್ಟಿ ಬಿಗಿದರೂ ಆ ಸಂದು ಪೂರ್ತಿ ಮುಚ್ಚುತ್ತಿರಲಿಲ್ಲ. ಬಸ್ ಕಂಡಕ್ಟರಾಗಿ ಸರ್ವೀಸಿಡೀ ನೋಟುಗಳನ್ನು ಉದ್ದಕ್ಕೆ ಮಡಚಿ ಅಲ್ಲಿ ಸಿಕ್ಕಿಸಿಕೊಂಡು ಬೆರಳುಗಳು ಹಾಗೇ ಒಗ್ಗಿಹೋಗಿದ್ದವು. ನಾನು ನೋಡುವ ಹೊತ್ತಿಗೆ ಅವರು ರಿಟೈರಾಗಿದ್ದರು. ಆಮೇಲಾಮೇಲೆ ನೋಟಿದ್ದ ಜಾಗಕ್ಕೆ ಹೊಸೆದ ಬಿಳಿ ನೂಲಿನ ದಾರ ಬಂತು. ದಾರದ ಇನ್ನೊಂದು ತುದಿಯಲ್ಲಿ, ಅವರ ಹೆಗಲ ಮೇಲೆ, ಬೂದು ಮೈಯ, ಹಳದಿ ಜುಟ್ಟಿನ, ಕೆನ್ನೆಗೆ ಕುಂಕುಮ ಮೆತ್ತಿಕೊಂಡಂಥ ಒಂದು ಕಾಕಟೀಲ್ ಹಕ್ಕಿ ಕೂತಿರುತ್ತಿತ್ತು.

ಬೀದಿಯವರೆಲ್ಲ ಅವರನ್ನು ಕಂಡಕ್ಟ್ರು ಅಂತಲೇ ಕರೆಯುತ್ತಿದ್ದರು. ನಾನು ಕೊನೆಯವರೆಗೂ ಬೇರೆ ಹೆಸರಿಂದ ಕರೆಯಲಿಲ್ಲ.

ಮದುವೆ ಮುರಿದುಕೊಂಡು, ನಂಜನಗೂಡಿಗೆ ವರ್ಗ ಹಾಕಿಸಿಕೊಂಡು ಬಂದು, ಅವರ ಪಕ್ಕದ ಮನೆ ಬಾಡಿಗೆಗೆ ಹಿಡಿದಿದ್ದೆ. ಆ ಮದುವೆಗೆ ಎರಡೂ ಕಡೆಯವರು ಹೂಂ ಅಂದಿದ್ದರು. ನನ್ನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಹಾಗಾಗಿ ಆಗ ನನಗೆ ಯಾರ ಮುಖವೂ ಬೇಡವಾಗಿತ್ತು. ಇಂಥದ್ದರಲ್ಲಿ ಬೆಳಗಾಗುತ್ತಲೇ ಗೋಡೆಯಾಚೆಯಿಂದ ಬಸ್ ಸ್ಟ್ಯಾಂಡಿನ ಸೀಟಿ! ನಾಲ್ಕು ದಿನ ಸಹಿಸಿದೆ. ಐದನೆಯ ದಿನ ಜಗಳಕ್ಕೆ ತಯಾರಾಗಿಯೇ ಹೋಗಿ ಬಾಗಿಲು ಬಡಿದೆ.

ಬಾಗಿಲು ತೆಗೆದವರ ಬಾಯಲ್ಲಿ ಸೀಟಿ ಇರಲಿಲ್ಲ. ಹೆಗಲ ಮೇಲಿದ್ದ ಹಕ್ಕಿ ಜುಟ್ಟು ನಿಮಿರಿಸಿ ನನ್ನನ್ನು ನೋಡಿ ಎರಡು ಸಲ ಊದಿತು.

“ರೈಟ್ ಅಂತದೆ ಮೇಡಮ್ಮೋರೆ. ಒಳೀಕ್ ಬನ್ನಿ,” ಅಂದರು.

ಜಗಳಕ್ಕೆ ಹೋದವಳು ಕಾಫಿ ಕುಡಿದು ಬಂದೆ. ಒಳಗೆ ಬುದ್ಧನ ಪಟದ ಕೆಳಗೆ ಅವರ ಹೆಂಡತಿಯ ಫೋಟೊ ಇತ್ತು. ಹೋದ ವರ್ಷ ತೀರಿಕೊಂಡರಂತೆ. ಮಕ್ಕಳಿರಲಿಲ್ಲ. ಹಕ್ಕಿ ಆಕೆ ಸಾಕಿದ್ದು, ಅದನ್ನು ಕೂಸು ಅಂತ ಕರೆದದ್ದೂ ಆಕೆಯೇ. ಆಕೆ ಟಿ. ನರಸೀಪುರದ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದವರು. ಮದುವೆಯಾಗಿ ಬಂದ ಮೇಲೆ ಬದನವಾಳಿನಲ್ಲಿ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದರು. ಕಾಯಿಲೆ ಬಿದ್ದು ಮಲಗಿದ್ದಾಗ ಗಂಡನಿಗೆ ಹೇಳಿದ್ದು ಒಂದೇ ಮಾತು: “ಕೂಸ ಒಂದ್ಸಲ ನಮ್ಮೂರ ಒಳೇತಕ ಕರ್ಕೊಂಡೋಗಿ. ಪಂಜರದಲ್ ಬ್ಯಾಡ, ಎಗುಲ್ ಮ್ಯಾಲೆ.”

ಹೂಂ ಅಂದುಬಿಟ್ಟಿದ್ದರು. ಆಮೇಲೆ ಫಜೀತಿ ಶುರುವಾಯಿತು. ಹೆಗಲ ಮೇಲೆ ಹಾಗೇ ಒಯ್ದರೆ ಲಾರಿಯ ಒಂದು ಹಾರ್ನಿಗೆ ಬೆಚ್ಚಿ ಹಾರಿಹೋಗುತ್ತದೆ, ವಾಪಸು ಬರುವ ದಾರಿ ಅದಕ್ಕೆ ತಿಳಿಯದು. ರೆಕ್ಕೆ ಕತ್ತರಿಸಿಬಿಡಿ ಅಂತ ಹಕ್ಕಿ ಮಾರುವವನೇ ಹೇಳಿದ. ಕಂಡಕ್ಟ್ರು ಅವನ ಅಂಗಡಿ ಕಡೆ ಮತ್ತೆ ತಲೆ ಹಾಕಲಿಲ್ಲ. ಎದೆಗೆ ಪಟ್ಟಿ ಕಟ್ಟಿ ದಾರ ಹಿಡಿದುಕೊಳ್ಳುವುದೊಂದೇ ಉಳಿದದ್ದು. ಅದೂ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

“ನಮ್ಮಪ್ಪ ಜೀತಕ್ಕಿದ್ದೋನು ಕಣವ್ವ. ‘ನೀನು ಬತ್ತೀಯೇನ್ಲಾ’ ಅಂತ ಅವನ್ನ ಯಾರೂ ಒಂದಿನ ಕೇಳ್ನಿಲ್ಲ. ಈಗ ನಾನು ಈ ಕೂಸ್ನ ಇಡ್ದು ಅಗ್ಗ ಬಿಗೀಲಾ?”

ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಹೆಂಡತಿ ಉಳಿಸಿಹೋಗಿದ್ದ ನೂಲನ್ನು ಹೊಸೆದು, ಕತ್ತಿಗೊಂದು ರೆಕ್ಕೆಯ ಹಿಂದಕ್ಕೊಂದು ಕುಣಿಕೆ ಮಾಡಿ, ಅದಕ್ಕೆ ಅಂಗಿ ಅಂತ ಹೆಸರಿಟ್ಟರು. ಹಗ್ಗ ಅಂತ ನಾನು ಅಂದಾಗೆಲ್ಲ ತಿದ್ದುತ್ತಿದ್ದರು. ಅಂಗಿಯನ್ನು ಮೊದಲು ನವಣೆಯ ತಟ್ಟೆಯ ಪಕ್ಕ ಸುಮ್ಮನೆ ಇಟ್ಟರು. ಹಕ್ಕಿ ಅದನ್ನು ಕಚ್ಚಿ ಎಳೆಎಳೆ ಬಿಡಿಸಿತು. ಇನ್ನೊಂದು ಹೊಸೆದರು. ಆಮೇಲೆ ಕುಣಿಕೆಯನ್ನು ಅಗಲಿಸಿ ಹಿಡಿದು, ಆಚೆಗೆ ಬೆರಳ ತುದಿಯಲ್ಲಿ ಎರಡು ಕಾಳು ಇಟ್ಟುಕೊಂಡು ಕೂರುತ್ತಿದ್ದರು. ಕಾಳು ಬೇಕಾದರೆ ಅದೇ ತಲೆ ತೂರಿಸಬೇಕು. ಒಂದು ಹೆಜ್ಜೆ ಹಿಂದೆ ಇಟ್ಟಿತೋ, ಕೈ ತೆಗೆದುಬಿಡುತ್ತಿದ್ದರು. ಅವತ್ತಿಗೆ ಪಾಠ ಮುಗಿಯಿತು.

ನಾನು ತಾಳ್ಮೆಯ ಹೆಂಗಸಲ್ಲ. “ಟವೆಲ್‌ನಲ್ಲಿ ಸುತ್ತಿ ಒಂದು ನಿಮಿಷದಲ್ಲಿ ಹಾಕಿ ಬಿಸಾಕಿ ಕಂಡಕ್ಟ್ರೇ, ಒಂದೆರಡು ದಿನ ಕೂಗಾಡಿ ಒಗ್ಗಿಕೊಳ್ಳುತ್ತೆ,” ಅಂದೆ.

“ಒಗ್ಗೋತದೆ. ನಮ್ಮಪ್ಪನೂ ಒಗ್ಗೋಗಿದ್ದ,” ಅಂದರು.



ಮಳೆಗಾಲ ಕಳೆಯುವ ಹೊತ್ತಿಗೆ ಕೂಸು ತಾನಾಗಿ ತಲೆ ಕೊಡುತ್ತಿತ್ತು, ರೆಕ್ಕೆಯನ್ನೂ ಎತ್ತಿ ಕೊಡುತ್ತಿತ್ತು. ಆದರೂ ಅವರಿಗೆ ಸಾಲದು. ಅಂಗಿ ತೊಟ್ಟ ಹಕ್ಕಿ ಹೆಗಲೇರಿದ ಮೇಲೆ, ಕಾಲಿಗೆ ಚಪ್ಪಲಿ ಮೆಟ್ಟಿ ಹೊಸಿಲಲ್ಲಿ ನಿಲ್ಲುತ್ತಿದ್ದರು. ಅವರಿಂದಲೇ ಸೀಟಿ ಕಲಿತಿದ್ದ ಅದು ಎರಡು ಸಲ ಊದಿದರೆ ಮಾತ್ರ ಹೆಜ್ಜೆ ಕೀಳುವುದು. “ವಿಶಲ್ ಇಲ್ದೆ ಗಾಡಿ ಎತ್ತಂಗಿಲ್ಲ. ಇಲ್ಲಿ ಕಂಡಕ್ಟ್ರು ಅದು, ನಾನು ಬರೀ ಡ್ರೈವರ್ರು.” ದಾರಿಯಲ್ಲಿ ಒಂದು ಸಲ ಊದಿದರೆ ನಿಂತುಬಿಡುತ್ತಿದ್ದರು. ಬೀದಿಯ ಜನ ಮುಸಿಮುಸಿ ನಗುತ್ತಿದ್ದರು. ಕೆಲವು ಸಂಜೆ ಸೀಟಿಯೇ ಬರುತ್ತಿರಲಿಲ್ಲ. ಹೊಸಿಲಲ್ಲಿ ಅಷ್ಟು ಹೊತ್ತು ನಿಂತು, ಚಪ್ಪಲಿ ಬಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ದಿನ ಅವರು ಹಕ್ಕಿಯ ಹೊರತು ಯಾರೊಡನೆಯೂ ಮಾತಾಡಿರುತ್ತಿರಲಿಲ್ಲ ಅನ್ನುವುದು ಗೋಡೆಯ ಈಚೆ ನನಗೆ ಗೊತ್ತಿರುತ್ತಿತ್ತು. ಆಫೀಸು ಬಿಟ್ಟರೆ ನಾನೂ ಯಾರೊಡನೆಯೂ ಆಡಿರುತ್ತಿರಲಿಲ್ಲ.

ಒಂದು ಭಾನುವಾರ ಟಿ. ನರಸೀಪುರದ ಬಸ್ಸು ಹತ್ತಿದೆವು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು, ಕೂಸಿಗೂ ಹೊಸ ನೂಲಿನ ಅಂಗಿ. ಹುಡುಗ ಕಂಡಕ್ಟರ್ ಹಳೇ ಕಂಡಕ್ಟರನ್ನು ಗುರುತಿಸಿ, “ಏನ್ಸಾ, ಮೊಮ್ಮಗಾ?” ಅಂತ ನಕ್ಕ. ಇವರ ಮುಖ ನೋಡಬೇಕಿತ್ತು. ದಾರಿಯುದ್ದಕ್ಕೂ ಕಿಟಕಿಯಾಚೆಯ ಗದ್ದೆ, ಕಬ್ಬು ಎಲ್ಲವನ್ನೂ ಅದಕ್ಕೆ ತೋರಿಸುತ್ತಿದ್ದರು.

ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ಬದನೆಕಾಯಿ ಚೀಲ ಹೊತ್ತ ಒಬ್ಬಾಕೆ ಹಿಂಬಾಗಿಲಲ್ಲಿ ಇಳಿಯುತ್ತಿದ್ದಳು. ನಿಂತದ್ದು ಕೂಸಿಗೆ ಸರಿಬರಲಿಲ್ಲವೋ ಏನೋ, ಜುಟ್ಟು ನಿಮಿರಿಸಿ ಜೋರಾಗಿ ಎರಡು ಸಲ ಊದಿಬಿಟ್ಟಿತು. ಡ್ರೈವರ್ ಗಾಡಿ ಎತ್ತಿದ. ಆಕೆ ರಸ್ತೆಗೆ ಮುಗ್ಗರಿಸಿ ಬಿದ್ದಳು.

“ಯಾವನ್ಲಾ ವಿಶಲ್ ಒಡ್ದೋನು?” ಡ್ರೈವರ್ ಅರಚಿದ.

“ನಾನು,” ಅಂದರು ಕಂಡಕ್ಟ್ರು. ತಪ್ಪನ್ನು ಹಕ್ಕಿಯ ಮೇಲೆ ಹಾಕಲಿಲ್ಲ. ಕೆಳಗಿಳಿದು ಉರುಳಿದ ಬದನೆಕಾಯಿಗಳನ್ನೆಲ್ಲ ಆಯ್ದು ತುಂಬಿಕೊಟ್ಟರು. ಆಕೆಯ ಅಂಗೈ ತರಚಿತ್ತು, ಅಷ್ಟೆ. ಆಕೆಯೇ “ಬುಡಿ ಯಜಮಾನ್ರೆ, ಏನೂ ಆಗ್ನಿಲ್ಲ” ಅಂತ ಸಮಾಧಾನ ಹೇಳಿದಳು. ಇವರು ಮತ್ತೆ ಬಸ್ಸು ಹತ್ತಲಿಲ್ಲ. “ನನ್ ಸರ್ವೀಸಲ್ಲಿ ಒಬ್ರನ್ನೂ ಕೆಡವಿರ್ನಿಲ್ಲ,” ಅಂತ ಮಾತ್ರ ಅಂದರು. ಆಟೋದಲ್ಲಿ ನಂಜನಗೂಡಿಗೆ ವಾಪಸು ಬಂದೆವು.

ಆ ಚಳಿಗಾಲದಲ್ಲೇ ಅವರಿಗೆ ಎದೆನೋವು ಬಂತು. ಆಂಬುಲೆನ್ಸಿಗೆ ಹತ್ತಿಸುವಾಗ ನನ್ನ ಕೈ ಹಿಡಿದರು. ಆ ಸಂದಿನಲ್ಲಿ ನನ್ನ ಬೆರಳು ಸಿಕ್ಕಿಕೊಂಡಿತು. “ಒಳೆ ಒಂದು ಉಳೀತು ಕಣವ್ವ. ಬಲವಂತ ಮಾತ್ರ ಮಾಡ್ಬ್ಯಾಡ,” ಅಂದರು. ಮೈಸೂರಿಂದ ಅವರು ಜೀವಂತ ಬರಲಿಲ್ಲ. ಕಾರ್ಯ ಮುಗಿದ ಮೇಲೆ ಹೆಮ್ಮರಗಾಲದಿಂದ ಬಂದಿದ್ದ ಅವರ ಅಣ್ಣನ ಮಗ ಪಂಜರ ತಂದು, “ನೀವೇ ಮಡೀಕಳಿ ಮೇಡಂ, ನಮ್ಮನೇಲಿ ಬೆಕ್ಕದೆ,” ಅಂದ.

ಕೂಸು ಸೀಟಿ ಊದುವುದನ್ನೇ ಬಿಟ್ಟಿತು. ದಿನಾ ಸಂಜೆ ಆಫೀಸಿನಿಂದ ಬಂದು ನಾನು ಕುಣಿಕೆ ಹಿಡಿದು ಕೂರುತ್ತಿದ್ದೆ. ಅದು ನನ್ನ ಕೈ ನೋಡಿ ಹಿಂದಕ್ಕೆ ಸರಿಯುತ್ತಿತ್ತು. ನಾನು ಕೈ ತೆಗೆಯುತ್ತಿದ್ದೆ. ಟವೆಲ್ ಹತ್ತಿರದಲ್ಲೇ ಇರುತ್ತಿತ್ತು. ನಾನು ಮುಟ್ಟಲಿಲ್ಲ. ಯುಗಾದಿ ಕಳೆದು ಒಂದು ಸಂಜೆ, ಯಾವ ಸೂಚನೆಯನ್ನೂ ಕೊಡದೆ, ಅದು ತಲೆ ತೂರಿಸಿ ನನ್ನ ಬೆರಳಿಂದ ಕಾಳು ತೆಗೆದುಕೊಂಡಿತು. ಅವರು ತೀರಿಕೊಂಡಾಗ ಅಳದಿದ್ದವಳು ಆಗ ಅತ್ತೆ.

ಹೋದ ಭಾನುವಾರ ಹೊಸಿಲಲ್ಲಿ ಚಪ್ಪಲಿ ಮೆಟ್ಟಿ ನಿಂತೆ. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಎರಡು ಸೀಟಿ ಬಂತು. ಬಸ್ಸಿನ ಸಹವಾಸ ಬೇಡವೆಂದು ಆಟೋ ಮಾಡಿಕೊಂಡು ಟಿ. ನರಸೀಪುರಕ್ಕೆ ಹೋದೆ. ಕಪಿಲೆ ಕಾವೇರಿಯನ್ನು ಸೇರುವಲ್ಲಿ, ಮರಳಿನ ಮೇಲೆ, ಹೆಗಲಲ್ಲಿ ಕೂಸನ್ನಿಟ್ಟುಕೊಂಡು ಕೂತೆ. ಅದು ಜುಟ್ಟು ಎತ್ತಿ ನೀರನ್ನೇ ನೋಡಿತು. ಗಾಳಿಗೆ ರೆಕ್ಕೆ ಬಿಚ್ಚಿತು, ಮಡಿಚಿತು. ಹಾರಲು ನೋಡಲಿಲ್ಲ. ಪಕ್ಕದಲ್ಲಿ ಇಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು.

ಬಿಸಿಲು ಇಳಿಯಿತು. ಆಟೋದವನು ಎರಡು ಸಲ ಬಂದು ನೋಡಿಕೊಂಡು ಹೋದ. ಮೂರನೇ ಸಲ ಕೇಳಿಯೇಬಿಟ್ಟ: “ಮೇಡಂ, ಓಗಾಣ್ವಾ?”

“ಇರಪ್ಪ,” ಅಂದೆ. “ಇನ್ನೂ ಸೀಟಿ ಆಗಿಲ್ಲ.”