ಹವಾಲ್ದಾರರ ಚುನಾವಣೆ

ನಮ್ಮನೆಯವರು ಮಿಲಿಟರಿಯಲ್ಲಿ ಹವಾಲ್ದಾರರಾಗಿ ರಿಟೈರ್ ಆಗಿ ಹಿರೇನಲ್ಲೂರು ಪಕ್ಕದ ನಮ್ಮೂರಿಗೆ ಬಂದ್ಮೇಲೆ, ಟೀವಿ ಮುಂದೆ ಕೂತು ಲೋಕದ ದೇಶಗಳನ್ನೆಲ್ಲ ರಿಪೇರಿ ಮಾಡೋಕೆ ಶುರುಮಾಡಿದ್ರು. ಎಲ್ಲೋ ಒಬ್ಬ ಸರ್ವಾಧಿಕಾರಿ ಜನರನ್ನ ಗೋಳು ಹುಯ್ಕೊಳ್ತಾನೆ ಅಂತ ಸುದ್ದಿ ಬಂದ್ರೆ ಸಾಕು, "ಸೈನ್ಯ ನುಗ್ಗಿಸ್ಬೇಕು, ಅವನನ್ನ ಓಡಿಸ್ಬೇಕು, ಓಟು ಹಾಕಿಸ್ಬೇಕು. ಮುಗೀತಲ್ಲ" ಅನ್ನೋರು.

"ಆ ಜನಾನ ಒಂದು ಮಾತು ಕೇಳೋದು ಬೇಡ್ವಾ?" ಅಂತ ನಾನು.

"ಬಾಯಿ ಬಿಡೋಕೇ ಹೆದರೋರನ್ನ ಏನು ಕೇಳ್ತೀಯ?" ಅಂತ ಅವರು.

ನನಗೆ ಮೈಯೆಲ್ಲ ಉರಿಯೋದು. ಸರ್ವೀಸಿನಲ್ಲಿದ್ದಾಗ ಅವರ ತುಕಡಿಗೆ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಸಿ ಸಮುದ್ರದಾಚೆಯ ಒಂದು ದೇಶಕ್ಕೆ ಕಳಿಸಿದ್ರು. ಹೊರಗಿನ ಸೈನ್ಯ ಬಂದು ಅಲ್ಲಿನ ದೊರೆಯನ್ನ ಇಳಿಸಿತ್ತು. ಆಮೇಲೆ ನಡೆದ ಚುನಾವಣೆ ಕಾಯೋದು ಇವರ ಕೆಲಸ. ಅದೇ ಅವರ ಜೀವಮಾನದ ಹೆಮ್ಮೆ. ನನಗೂ ಹೆಮ್ಮೆನೇ, ಸುಳ್ಳು ಯಾಕೆ ಹೇಳ್ಲಿ.

ಈಗ ನಮ್ಮ ಹೆಂಗಸರ ಸಂಘದ ವಿಷಯಕ್ಕೆ ಬರ್ತೀನಿ. ಎಲ್ಲರೂ ಹಸು ಕಟ್ಟಿರೋರೇ. ಅಧ್ಯಕ್ಷೆ ಮಾತ್ರ ಯಾವಾಗ್ಲೂ ದೊಡ್ಡಮನೆ ಸೊಸೆ. ವರ್ಷಕ್ಕೊಂದ್ಸಲ ಅಮ್ಮನ ಗುಡಿ ಕಟ್ಟೆ ಮೇಲೆ ಸೇರೋದು, "ಇವರೇ ಇರ್ಲಾ?" ಅಂತ ಒಬ್ಬರು ಕೇಳೋದು, ಮಿಕ್ಕೋರು ಸೆರಗು ಸರಿಮಾಡ್ಕೊಂಡು ಸುಮ್ನಿರೋದು. ಸುಮ್ನಿದ್ರೆ ಒಪ್ಪಿದ ಹಾಗೆ ಲೆಕ್ಕ. ನನಗೋ ಅಧ್ಯಕ್ಷೆ ಆಗೋ ಆಸೆ ಬೆಟ್ಟದಷ್ಟಿತ್ತು. ಈ ಸಲ ಚೀಟಿಯಲ್ಲಿ ಓಟು ಹಾಕೋಣ ಅಂತ ಹುಲ್ಲಿಗೆ ಹೋದಾಗ, ಡೇರಿ ಹತ್ರ ಸಿಕ್ಕಾಗ, ಒಬ್ಬೊಬ್ಬರ ಕಿವಿಗೆ ಹಾಕ್ತಾ ಬಂದಿದ್ದೆ. ನಿಧಾನಕ್ಕೆ ತಲೆ ಆಡಿಸ್ತಿದ್ರು.

ಇದು ಮನೆಯವರಿಗೆ ಗೊತ್ತಾಯ್ತು ನೋಡಿ, ಕೆಟ್ಟಿತು. "ನಿಂಗೆ ಅನ್ಯಾಯ ಆಗ್ತಿದ್ರೆ ನಾನು ಸುಮ್ನಿರ್ತೀನೇನೇ?" ಬೀರೂರಿಗೆ ಹೋಗಿ ಬೀಗ ತಂದ್ರು. ತಗಡಿನ ಡಬ್ಬಕ್ಕೆ ಸೀಳು ಕೊರೆದ್ರು. ಸಭೆ ದಿನ ಕಟ್ಟೆ ಮುಂದೆ ಸುಣ್ಣದ ಗೆರೆ ಎಳೆದು, ಇಸ್ತ್ರಿ ಹಾಕಿದ ಮಿಲಿಟರಿ ಯೂನಿಫಾರ್ಮ್ ತೊಟ್ಟು, ಕೈಯಲ್ಲಿ ಬೆತ್ತ ಹಿಡ್ಕೊಂಡು ನಿಂತ್ರು. "ಸಾಲಲ್ಲಿ ಬನ್ರಮ್ಮ, ಮಾತು ಬೇಡ." ಅದೂ ಎಂಥ ಹೊತ್ತಲ್ಲಿ ಅಂತೀರಿ, ಸಂಜೆ ಹಾಲು ಕರೆಯೋ ಹೊತ್ತಲ್ಲಿ. ನಮ್ಮನೆಯವರು ಯಾವತ್ತಾದ್ರೂ ಕೆಚ್ಚಲಿಗೆ ಕೈ ಹಾಕಿದ್ರೆ ತಾನೇ ಅವರಿಗೆ ಹೊತ್ತು ಗೊತ್ತಾಗೋದು. ಹೆಂಗಸರು ಪಿಟಕ್ ಅನ್ನದೆ ಸಾಲಲ್ಲಿ ಬಂದು ಚೀಟಿ ಹಾಕಿ, ಕೊಟ್ಟಿಗೆ ಕಡೆ ಓಡಿದ್ರು.

ಡಬ್ಬ ಬಿಚ್ಚಿದ್ರೆ ನನ್ನದೊಂದು ಬಿಟ್ಟು ಎಲ್ಲ ಖಾಲಿ ಚೀಟಿ.

ಪಕ್ಕದ ಮನೆ ಗೆಳತಿಯನ್ನ ತಡೆದು ಕೇಳಿದೆ. "ನಿನಗೇ ಹಾಕ್ಬೇಕು ಅಂತಿದ್ದೆ ಕಣಕ್ಕ" ಅಂದ್ಲು. "ಬೆತ್ತದ ಮುಂದೆ ಹಾಕಿದ್ರೆ ಅದು ನಿನಗೆ ಹಾಕಿದಂಗಾಯ್ತಾ, ನಿನ್ನ ಗಂಡಂಗೆ ಹೆದರಿ ಹಾಕಿದಂಗಾಯ್ತಾ?"

ನನಗೆ ಅಳು ಬಂತು. ನಾನು ಕಷ್ಟಪಟ್ಟು ಕುದುರಿಸಿದ್ದ ಚುನಾವಣೆ ಹವಾಲ್ದಾರರ ಚುನಾವಣೆ ಆಗ್ಹೋಗಿತ್ತು. ಅವರ ಹತ್ರ ಮಾತು ಬಿಟ್ಟೆ, ಊಟ ಮಾತ್ರ ಬಡಿಸ್ತಿದ್ದೆ.

ಸ್ವಲ್ಪ ದಿನ ಕಳೆದು ಹೆಂಗಸರೇ ಮನೆಗೆ ಬಂದ್ರು. "ಓಟು ಹಾಕೋಣ, ಆದ್ರೆ ಅಣ್ಣ ಆ ಕಡೆ ತಲೆ ಹಾಕ್ಬಾರ್ದು." ಡೇರಿಗೆ ಹಾಲು ಹಾಕಿ ಬಂದು ಗುಡಿ ಕಟ್ಟೆ ಮೇಲೆ ನಮ್ಮ ಪಾಡಿಗೆ ನಾವು ಕೂತ್ವಿ. ಓದು ಬರದೋರಿಗೂ ಆಗ್ಲಿ ಅಂತ ದೊಡ್ಡಮನೆ ಸೊಸೆಗೆ ಹುರುಳಿಕಾಳು, ನನಗೆ ಕಡಲೆಕಾಳು. ಸೆರಗಿನ ಮರೆಯಲ್ಲಿ ಕೈ ತಂದು ಎಲ್ಲರೂ ಕುಡಿಕೆಗೆ ಹಾಕಿದ್ರು. ಸುರಿದ್ರೆ ಹುರುಳಿನೇ ಜಾಸ್ತಿ. ಸೋತೆ. ಬೇಜಾರಾಗಿದ್ದು ನಿಜ. ಆದ್ರೆ ಆಯಮ್ಮ ಮೊದಲ ಸಲ ನಮ್ಮ ಕಡೆ ತಿರುಗಿ ಕೈ ಮುಗಿದ್ರು, ಅದನ್ನ ನೋಡಿ ಮನಸ್ಸು ತಣ್ಣಗಾಯ್ತು. ನಕ್ಕೊಂಡೇ ಮನೆಗೆ ಬಂದೆ.

"ಗೆದ್ಯೇನೇ?" ಅಂದ್ರು ಮನೆಯವರು.

"ಸೋತೆ."

"ಮತ್ತೆ ಅದೇ ಆಯಮ್ಮನ್ನ ಕೂರಿಸೋಕೆ ಇಷ್ಟೆಲ್ಲ ಬೇಕಿತ್ತಾ?"

"ಇಷ್ಟು ದಿನ ಅವರೇ ಕೂತಿದ್ರು. ಈ ಸಲ ನಾವು ಕೂರಿಸಿದೀವಿ ಕಣ್ರೀ. ಬೇಡ ಅನ್ನಿಸಿದ್ರೆ ನಾವೇ ಇಳಿಸ್ತೀವಿ."

ಅವರು ಟೀವಿ ಆರಿಸಿದ್ರು. ನನ್ನ ಕಡೆ ತಿರುಗಿ ಹೇಳಿದ್ರು: "ನೀಲಿ ಟೋಪಿ ಹಾಕ್ಕೊಂಡು ಹೋಗಿದ್ನಲ್ಲ, ಅಲ್ಲಿ ಬೂತಲ್ಲಿ ಒಬ್ಬ ಮುದುಕಿ ಚೀಟಿ ಹಿಡ್ಕೊಂಡು ನನ್ನ ಹತ್ರ ಬಂದಿತ್ತು ಕಣೇ. ಎಲ್ಲಿ ಒತ್ಲಿ ಅಂತ ಸನ್ನೆ ಮಾಡಿ ಕೇಳ್ತು. ಪಾಪ, ಓದು ಬರಲ್ಲ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ." ರಿಮೋಟು ಕೆಳಗಿಟ್ರು. "ಆ ಮುದುಕಿ ನನ್ನ ಮುಖ ನೋಡಿ ಕೇಳ್ಲಿಲ್ಲ. ನನ್ನ ಕೈಲಿದ್ದ ಬಂದೂಕು ನೋಡ್ಕೊಂಡು ಕೇಳ್ತು."

ನಾನು ಹೋಗಿ ಅವರ ಪಕ್ಕ ಕೂತ್ಕೊಂಡೆ.