ತಲೆ ಒತ್ತುವುದನ್ನು ಬಿಟ್ಟ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಷಟರ್ ಅರ್ಧ ಎತ್ತಿ, ಬಗ್ಗಿ ಒಳಹೋದ ಕ್ಷೌರದಂಗಡಿಯ ಮಾಲೀಕರು ಮೊದಲು ಕನ್ನಡಿ ಒರೆಸುತ್ತಾರೆ, ಆಮೇಲೆ ಕುರ್ಚಿ. ಕೈ ಒಳಗಿದ್ದರೂ ಕಣ್ಣು ರಸ್ತೆಯಾಚೆಗಿದೆ. ಎದುರಿನ ಬೇಕರಿಯ ಬಾಗಿಲು ಇವತ್ತೂ ತೆರೆದಿಲ್ಲ. ಬೀದಿಗೆ ಬ್ರೆಡ್ಡಿನ ವಾಸನೆ ಬಾರದ ಎರಡನೇ ಬೆಳಗು ಇದು.

"ಬೇಕರಿಯವರು ಎಲ್ಲಾದ್ರೂ ನೆಂಟರ ಮನೆಗೆ ಹೋಗಿರಬಹುದು, ಅಲ್ವಾ?" ಎಂದು ಮೊದಲ ಗಿರಾಕಿಯನ್ನು ಕೇಳುತ್ತಾರೆ. ಹಾಲಿನ ವ್ಯಾನ್ ಓಡಿಸುವ ಆತನಿಗೇನು ಗೊತ್ತು? ಭುಜ ಕುಣಿಸಿ, ಗಡ್ಡ ಮುಂದೆ ಮಾಡಿ ಕೂರುತ್ತಾನೆ.

ಬೀದಿಯವರು ಇವರನ್ನು ಕರೆಯುವುದು 'ಡಾಕ್ಟರು' ಎಂದು. ಗೌರವಕ್ಕಲ್ಲ, ಗೇಲಿಗೆ. ಸೋಪು ಹಚ್ಚುವ ಮೊದಲೇ "ತಲೆನೋವು ಇದೆಯಾ? ಇದ್ದಕ್ಕಿದ್ದ ಹಾಗೆ ಬಂತಾ?" ಎಂದು ಶುರುಮಾಡುವ ಕ್ಷೌರಿಕನನ್ನು ಜನ ಇನ್ನೇನೆಂದು ಕರೆದಾರು! ಒಂದು ಕಾಲಕ್ಕೆ ಇದೇ ಬೀದಿ ಇವರ ಕೈಗುಣವನ್ನು ಹಾಡಿ ಹೊಗಳುತ್ತಿತ್ತು. ನೆತ್ತಿಗೆ ಎಣ್ಣೆ ತಟ್ಟಿ, ಹೆಬ್ಬೆರಳಲ್ಲಿ ಒತ್ತಿ, ಕೊನೆಗೆ ಕತ್ತು ತಿರುಗಿಸಿ ಲಟಕ್ಕೆಂದು ನೆಟಿಗೆ ತೆಗೆದರೆ ಎಂಥ ತಲೆನೋವೂ ಬಾಲ ಮುದುರಿಕೊಂಡು ಓಡುತ್ತದೆ ಎನ್ನುತ್ತಿದ್ದರು. ಆ ವಿದ್ಯೆ ಕಲಿಸಿದವರು ಅಣ್ಣ. ಅಂಗಡಿಯ ಎರಡನೇ ಕುರ್ಚಿ ಅವರದು.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಬೆಳಗ್ಗೆ, ಗಿರಾಕಿಯ ತಲೆ ಬಾಚುತ್ತಿದ್ದ ಅಣ್ಣ ಬಾಚಣಿಗೆ ಬೀಳಿಸಿ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

"'ತಲೇಲಿ ಏನೋ ಒಡೀತು ಕಣೋ, ಹುಟ್ಟಿದಾಗಿಂದ ಇಂಥ ನೋವು ಕಂಡಿಲ್ಲ' ಅಂದ. ವಾಂತಿ ಮಾಡ್ದ. ಲೈಟ್ ಆರಿಸು, ಕಣ್ಣಿಗೆ ಚುಚ್ಚುತ್ತೆ ಅಂದ. ಕತ್ತು ಸೆಟೆದುಹೋಗಿತ್ತು. ಕತ್ತು ಹಿಡ್ಕೊಂಡಿದೆ ಅಂದ್ರೆ ನಮ್ಮ ಕಸುಬಿನೋರಿಗೆ ಹೊಳೆಯೋದು ಒಂದೇ. ಅವನ ಕುರ್ಚಿಯಲ್ಲೇ ಅವನನ್ನ ಕೂರಿಸಿ ಒತ್ತಿದೆ. ನೆಟಿಗೆ ತೆಗೆದೆ. ಕಣ್ಣು ಮುಚ್ಚಿದ. ಬಿಡು, ನೋವಿಳಿದು ನಿದ್ದೆ ಹತ್ತಿದೆ ಅಂತ ನಾನು ಇನ್ನೊಬ್ಬರ ಗಡ್ಡ ಕೆರೆಯೋಕೆ ನಿಂತೆ" ಎನ್ನುತ್ತಾರೆ ಇವರು.

ಅದು ನಿದ್ದೆಯಾಗಿರಲಿಲ್ಲ. ಮಿದುಳಿನ ರಕ್ತನಾಳವೊಂದರ ಗೋಡೆ ತೆಳುವಾಗಿ, ಬಲೂನಿನಂತೆ ಉಬ್ಬಿ, ಒಡೆದಿತ್ತು. "ಅದು ಒಡೆದದ್ದು ನಿಮ್ಮ ಕೈಯಿಂದಲ್ಲ. ಆದ್ರೆ ತಲೆ ಹಿಡ್ಕೊಂಡ ತಕ್ಷಣ ಕರ್ಕೊಂಡು ಬರಬೇಕಿತ್ತು" ಎಂದರು ಆಸ್ಪತ್ರೆಯ ವೈದ್ಯೆ. ಇವರ ಕಿವಿಯಲ್ಲಿ ಉಳಿದಿರುವುದು ಎರಡನೇ ಮಾತು ಮಾತ್ರ.

"ಅತ್ತಿಗೆ ಒಂದು ದಿನಾನೂ ಬೈದಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಊಟ ಬಡಿಸುವಾಗ ನನ್ನ ಕೈ ಮಾತ್ರ ನೋಡಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂದಿನಿಂದ ಇವರು ಯಾರ ತಲೆಯನ್ನೂ ಒತ್ತಿಲ್ಲ. ವೈದ್ಯೆ ಹೇಳಿದ್ದನ್ನೇ ಬಂದವರಿಗೆಲ್ಲ ಹೇಳುತ್ತಾರೆ: ಸಿಡಿಲು ಬಡಿದ ಹಾಗೆ ಒಮ್ಮೆಗೇ ಬರುವ ನೋವು, ವಾಂತಿ, ಸೆಟೆದ ಕತ್ತು, ಮಂಪರು. ಒಡೆಯುವ ಮುನ್ನ ಕೆಲವರಿಗೆ ಒಂದು ಕಣ್ಣಿನ ಹಿಂದೆ ನೋವು, ಜೋತುಬಿದ್ದ ರೆಪ್ಪೆ, ಒಂದು ಎರಡಾಗಿ ಕಾಣುವುದು. ಬಹಳ ಜನರಿಗೆ ಯಾವ ಸುಳಿವೂ ಸಿಗುವುದಿಲ್ಲ. ಇವರ ಮಾತು ಕೇಳಿ ಆಸ್ಪತ್ರೆಗೆ ಓಡಿದ ದರ್ಜಿಯೊಬ್ಬರು ಏನೂ ಇಲ್ಲವೆಂದು ವಾಪಸ್ ಬಂದು, "ಮನೆಮಂದಿ ಅತ್ತಿದ್ದೇ ಬಂತು" ಎಂದು ಕೂಗಾಡಿದರು. "ನಾನೇನು ಓದಿದೋನಾ? ಹತ್ತು ಸಲ ಹೇಳಿದ್ರೆ ಒಂಬತ್ತು ಸಲ ತಪ್ಪಾಗುತ್ತೆ" ಎನ್ನುತ್ತಾರೆ ಇವರು. ಗಿರಾಕಿಗಳು ಒಬ್ಬೊಬ್ಬರಾಗಿ ಮೂಲೆಯ ಹೊಸ ಅಂಗಡಿಗೆ ಜಾರಿಕೊಂಡಿದ್ದಾರೆ. ಅಲ್ಲಿ ಪ್ರಶ್ನೆಗಳಿಲ್ಲ, ಮಸಾಜ್ ಇದೆ.

ಮೊನ್ನೆ ಬೆಳಗ್ಗೆ ಬೇಕರಿಯವರು ಬಂದು ಕೂತರು. ಕನ್ನಡಿಯಲ್ಲಿ ನೋಡಿದರೆ ಒಂದು ರೆಪ್ಪೆ ಜೋತಿತ್ತು.

"ಒಲೆ ಮುಂದೆ ನಿಂತೂ ನಿಂತೂ ಕಣ್ಣಿನ ಹಿಂದೆ ಒಂದೇ ಸಮ ನೋವು. ಒಂಚೂರು ತಲೆ ಒತ್ತಪ್ಪ" ಎಂದರು ಬೇಕರಿಯವರು.

"ಒತ್ತಲ್ಲ ಯಜಮಾನ್ರೇ. ಈಗಲೇ ಆಸ್ಪತ್ರೆಗೆ ನಡೀರಿ, ಅಂಗಡಿ ಮುಚ್ಚಿ ನಾನೂ ಬರ್ತೀನಿ."

"ನಿಮ್ಮಣ್ಣ ಸತ್ತ ಅಂತ ಊರಿಗೆಲ್ಲ ಸಾವು ಹಂಚಬೇಡ!"

ಮೈಮೇಲೆ ಹೊದಿಸಿದ್ದ ಬಟ್ಟೆ ಕಿತ್ತೆಸೆದು ಬೇಕರಿಯವರು ಮೂಲೆ ಅಂಗಡಿಗೆ ನಡೆದರು. ಇವರು ಹಿಂದೆಯೇ ಓಡಿ, ಅಲ್ಲಿನ ಬಾಗಿಲಲ್ಲಿ ನಿಂತು ಕೈ ಮುಗಿದರು. ಒಳಗಿದ್ದವರೆಲ್ಲ ನಕ್ಕರು. ನಗು ಮುಗಿಯುವುದರೊಳಗೆ ಬೇಕರಿಯವರ ನೆತ್ತಿಗೆ ಎಣ್ಣೆ ಬಿದ್ದಿತ್ತು.

ನಿನ್ನೆ ಅವರ ಮನೆಗೂ ಹೋಗಿ ಬಂದಿದ್ದಾರೆ. ಬೀಗ. ಅಕ್ಕಪಕ್ಕದವರಿಗೂ ತಿಳಿಯದು. ಆಸ್ಪತ್ರೆಯಲ್ಲಿ ವಿಚಾರಿಸಬಹುದಿತ್ತಲ್ಲ ಎಂದರೆ ತಲೆ ತಗ್ಗಿಸುತ್ತಾರೆ. "ಗೇಟಿನ ತನಕ ಹೋಗಿದ್ದೆ. ಕಾಲು ಮುಂದೆ ಬರ್ಲಿಲ್ಲ. ಕೇಳಿದ್ರೆ ಉತ್ತರ ಸಿಕ್ಕಿಬಿಡುತ್ತಲ್ಲ."

ವ್ಯಾನಿನವನ ಗಡ್ಡ ಮುಗಿದಿದೆ. ಎದುರುಗಡೆ ಬ್ರೆಡ್ಡಿಗೆ ಬಂದ ಹೆಂಗಸೊಬ್ಬರು ಷಟರ್ ತಟ್ಟಿ, ಸ್ವಲ್ಪ ಕಾದು, ಹಿಂತಿರುಗುತ್ತಾರೆ. ಇವರು ಅದನ್ನು ಕನ್ನಡಿಯಲ್ಲೇ ನೋಡುತ್ತಾರೆ. ಈಗ ಏನಾಗಲಿ ಅಂತ ನಿಮ್ಮ ಆಸೆ ಎಂದು ಕೇಳಿದರೆ ಹೆಚ್ಚು ಯೋಚಿಸುವುದಿಲ್ಲ.

"ನನ್ನ ಮಾತು ಸುಳ್ಳಾಗ್ಲಿ. ಅವರು ವಾಪಸ್ ಬಂದು, ಇಲ್ಲೇ ರಸ್ತೆಯಲ್ಲಿ ನಿಂತು, ನನ್ನನ್ನ ಬಾಯಿಗೆ ಬಂದ ಹಾಗೆ ಬೈದು, ಗಡ್ಡ ಮಾಡಿಸ್ಕೊಳ್ಳೋಕೆ ಆ ಮೂಲೆ ಅಂಗಡಿಗೇ ಹೋಗ್ಲಿ."